ಸೆರೆಸಿಕ್ಕ ಆನೆ, ಪಂಜರದ ಗಿಳಿ: ಅಕ್ಕನ ಒಂದು ವಚನವನ್ನು ಕುರಿತು

ಕಾವ್ಯದಲ್ಲಿ ಉಪಮಾನದ ಪಾಡು ಬಾಡಿಗೆ ಎತ್ತಿನ ಪಾಡಿನಂಥದು. ಹೊರೆಯನ್ನು ಮನೆಯ ಬಾಗಿಲಿಗೆ ಮುಟ್ಟಿಸುವವರೆಗೆ ಅದರ ಮೇಲೆ ಎಲ್ಲರಿಗೂ ಅಕ್ಕರೆ. ಹೊರೆ ಇಳಿದಮೇಲೆ ಅದಕ್ಕೆ ಮೇವು ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸುವವರಿಲ್ಲ. ಮುಖವನ್ನು ಕಮಲಕ್ಕೆ ಹೋಲಿಸಿದ ಕವಿಯನ್ನು ಕೆರೆಯ ಕಮಲದ ಕ್ಷೇಮಸಮಾಚಾರ ಕೇಳುವವರಾರು? ಬಹುಮಟ್ಟಿಗೆ ಕೇಳುವ ಅಗತ್ಯವೂ ಬೀಳುವುದಿಲ್ಲ. ಆದರೆ ಒಮ್ಮೊಮ್ಮೆ ಉಪಮಾನವೇ ನಮ್ಮನ್ನು ತಡೆದು ನಿಲ್ಲಿಸಿ, ತನ್ನ ಕಡೆಗೂ ನೋಡಬೇಕೆನ್ನುತ್ತದೆ. ಮಹಾದೇವಿಯಕ್ಕನ ಪ್ರಸಿದ್ಧವಾದ ಒಂದು ಚಿಕ್ಕ ವಚನದಲ್ಲಿ ಬರುವ ಆನೆ ಮತ್ತು ಗಿಳಿ ಈ ಜಾತಿಗೆ ಸೇರಿದವು.

ವಚನ ವಾಚಕರಿಗೆ ಅಪರಿಚಿತವೇನೂ ಅಲ್ಲ. ಅದರಲ್ಲಿರುವುದು ಮೂರೇ ಮಾತು. ತನ್ನ ಗುಂಪಿನಿಂದ ಬೇರೆಯಾಗಿ ಮನುಷ್ಯರ ಕೈಗೆ ಸಿಕ್ಕ ಆನೆ ತಾನು ಹುಟ್ಟಿ ಬೆಳೆದ ವಿಂಧ್ಯಪರ್ವತವನ್ನು ಹೇಗೆ ಸ್ಮರಿಸುವುದೋ ಹಾಗೆ ತಾನೂ ಸ್ಮರಿಸುತ್ತಿರುವೆನೆಂಬುದು ಮೊದಲನೆಯದು. ಸೆರೆಯಾದ ಗಿಳಿ ತನ್ನ ಬಳಗವನ್ನು ಸ್ಮರಿಸುವ ಹಾಗೆ ಎಂಬುದು ಎರಡನೆಯದು. ತಾಯಿ ತಂದೆಗಳು ಮಗುವನ್ನು ಕರೆದಂತೆ ತನ್ನನ್ನು ಬಳಿಗೆ ಕರೆದು ದರ್ಶನ ಕೊಡಬೇಕೆಂದು ಚೆನ್ನಮಲ್ಲಿಕಾರ್ಜುನನಲ್ಲಿ ಮೊರೆಯಿಡುವುದು ಮೂರನೆಯದು. ಜೀವಾತ್ಮವು ಸಂಸಾರದ ಬಂಧನದಲ್ಲಿ ಸಿಕ್ಕು ಪರಮಾತ್ಮನಿಗಾಗಿ ಹಂಬಲಿಸುವುದೇ ಇದರ ತಾತ್ಪರ್ಯವೆಂದು ಹೇಳಿ ಮುಂದಕ್ಕೆ ಹೋಗುವುದು ನಮ್ಮ ಪಾಠಪ್ರವಚನಗಳ ವಾಡಿಕೆ. ತಾತ್ಪರ್ಯ ಸರಿಯಾದದ್ದೇ. ಆದರೆ ಆನೆ, ಗಿಳಿಗಳನ್ನು ಅಲ್ಲಿಯೇ ಬಿಟ್ಟು ಬಂದರೆ ವಚನದ ಅರ್ಧಭಾಗವನ್ನೂ ಬಿಟ್ಟು ಬಂದ ಹಾಗೆ ಎಂದು ನನ್ನ ನಂಬಿಕೆ. ಸೆರೆಸಿಕ್ಕ ಕಾಡುಪ್ರಾಣಿಗೆ ಬಿಡುಗಡೆಯೆಂದರೆ ಏನು ಎಂಬ ಪ್ರಶ್ನೆಗೆ ಇಷ್ಟು ಪೂರ್ಣವಾದ ಉತ್ತರ ಕನ್ನಡದಲ್ಲಿ ಬೇರೆ ಕಡೆ ಸಿಕ್ಕುವುದು ದುರ್ಲಭ.

ಅನುಭಾವದ ಮಾತನ್ನು ಮೃಗಾಲಯದ ಮಾತಿಗೆ ಇಳಿಸಬಹುದೆ ಎಂದು ಯಾರಾದರೂ ಆಕ್ಷೇಪಿಸಿಯಾರು. ಆಕ್ಷೇಪಕ್ಕೆ ನಮ್ಮ ಆಲಂಕಾರಿಕರೇ ಸಮಾಧಾನ ಹೇಳಿದ್ದಾರೆ. ಬೆಳಕನ್ನು ಬಯಸುವವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ವ್ಯಂಗ್ಯಾರ್ಥವನ್ನು ಬಯಸುವವನು ವಾಚ್ಯಾರ್ಥವನ್ನು ಆದರಿಸಬೇಕೆಂಬುದು ಆನಂದವರ್ಧನನ ಅಭಿಪ್ರಾಯ. ಇಲ್ಲಿ ವಾಚ್ಯಾರ್ಥವೆಂದರೆ ಆನೆಯ ಸಂಕಟ. ಆನೆಗೆ ನಿಜವಾಗಿಯೂ ಸಂಕಟವಿಲ್ಲದಿದ್ದರೆ, ಗಿಳಿಗೆ ನಿಜವಾಗಿಯೂ ಬಳಗವಿಲ್ಲದಿದ್ದರೆ, ಅಕ್ಕನ ಹಂಬಲಕ್ಕೆ ಈ ವಚನದಲ್ಲಿ ನಿಲ್ಲಲು ನೆಲವೇ ಇರುವುದಿಲ್ಲ.

ಈ ನೆಲವನ್ನು ಅಕ್ಕ ಎಲ್ಲಿಂದ ತಂದಳು? ಆಕೆ ಹುಟ್ಟಿದ ಉಡುತಡಿ ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅದೇ ತಾಲ್ಲೂಕು. ಶಿಕಾರಿಪುರವೆಂಬ ಹೆಸರು ಬಹಳ ಹಿಂದಿನದಲ್ಲ. ಅಲ್ಲಿ ಬೇಟೆಗೆ ಮೃಗಗಳು ಹೇರಳವಾಗಿ ಸಿಕ್ಕುತ್ತಿದ್ದುದರಿಂದ ಹೈದರ್, ಟಿಪ್ಪುಗಳ ಕಾಲದಲ್ಲಿ ಬಂದ ಹೆಸರೆಂದು ಹಳೆಯ ಗ್ಯಾಸೆಟಿಯರಿನಲ್ಲಿ ದಾಖಲಾದ ಹೇಳಿಕೆ. ಶಿಕಾರಿಯ ಹೆಸರು ಹೊತ್ತ ಸೀಮೆಯಿಂದಲೇ, ಆ ಹೆಸರು ಬರುವುದಕ್ಕೆ ಎಷ್ಟೋ ಶತಮಾನ ಮೊದಲು, ಹಿಡಿಸಿಕೊಂಡ ಪ್ರಾಣಿಯ ಪಕ್ಷದ ಮಾತು ಹೊರಟಿದೆ. ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವಿ ಬನವಾಸಿ ಪನ್ನಿರ್ಛಾಸಿರದ ದೊಡ್ಡ ಪಟ್ಟಣ. ದಂಡನಾಯಕರು, ವರ್ತಕರು, ಮಠ ದೇಗುಲಗಳಿಂದ ತುಂಬಿದ ಸ್ಥಳ. ಆ ಕಾಲದ ಅರಸುತನವೆಂದರೆ ಆನೆಯ ಅರಸುತನ. ಉಡುತಡಿಯ ಹುಡುಗಿಗೆ ಸರಪಳಿಯ ಆನೆ ಪುಸ್ತಕದ ವಸ್ತುವಾಗಿದ್ದಿರಲಾರದು.

ಆನೆಯನ್ನು ಹಿಡಿಯುವುದು ಆಗ ಒಂದು ಶಾಸ್ತ್ರವೇ ಆಗಿತ್ತು. ೧೧೨೬ರಿಂದ ೧೧೩೮ರ ವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವ ವಿಧಾನಗಳನ್ನು ವಿವರವಾಗಿ ನಿರೂಪಿಸಿದ್ದಾನೆ. ಗಜಶಾಸ್ತ್ರಜ್ಞರಿಗೆ ಆನೆಯ ದುಃಖ ತಿಳಿಯದ ಸಂಗತಿಯಲ್ಲ. ನೀಲಕಂಠನ ‘ಮಾತಂಗಲೀಲೆ’ಯಲ್ಲಿ, ಹೊಸದಾಗಿ ಹಿಡಿದು ಊರಿಗೆ ತಂದ ಆನೆಗಳು ಕಟ್ಟು, ಬೈಗುಳ, ಭಯ, ಶೋಕಗಳಿಂದ ಬಳಲಿ ಬಹುಕಾಲ ಬದುಕಲಾರವೆಂದು ಸ್ಪಷ್ಟವಾಗಿ ಹೇಳಿದೆ. ಹಾಗಾದರೆ ಅಕ್ಕ ಹೊಸದಾಗಿ ಹೇಳಿದ್ದೇನು? ವ್ಯತ್ಯಾಸ ದೃಷ್ಟಿಯದು. ಶಾಸ್ತ್ರಕಾರನಿಗೆ ಆನೆಯ ದುಃಖ ಒಂದು ರೋಗ; ಅದಕ್ಕೆ ಉಪಚಾರ ಬೇಕು, ಏಕೆಂದರೆ ಆನೆ ಸತ್ತರೆ ಅರಸನಿಗೆ ನಷ್ಟ. ಅಕ್ಕನಿಗೆ ಅದು ರೋಗವಲ್ಲ, ನೆನಪು. ರೋಗವನ್ನು ಹೊರಗಿನಿಂದ ನೋಡಿ ಹೇಳಬಹುದು. ನೆನಪನ್ನು ಒಳಗೆ ಹೊಕ್ಕು ಹೇಳಬೇಕು. ಆನೆಗೂ ಒಂದು ಒಳಗು ಉಂಟೆಂದು ಒಪ್ಪಿಕೊಂಡೇ ವಚನ ಹೊರಡುತ್ತದೆ.

ನೆನಪಿನ ಈ ಮಾತಿಗೆ ಅದೇ ಸೀಮೆಯಲ್ಲಿ ಒಂದು ಹಿರಿಯ ಪೂರ್ವಪೀಠಿಕೆಯೂ ಇದೆ. ಸೊರಬ ಮತ್ತು ಶಿಕಾರಿಪುರ ಎರಡೂ ಹಿಂದಿನ ಬನವಾಸಿ ನಾಡಿಗೆ ಸೇರಿದ್ದವು. ಬನವಾಸಿ ಊರು ಸೊರಬ ತಾಲ್ಲೂಕಿನ ಗಡಿಯಿಂದ ದೂರವೇನೂ ಇಲ್ಲ. ೯೪೧ರಲ್ಲಿ ಪಂಪನು ‘ವಿಕ್ರಮಾರ್ಜುನವಿಜಯ’ದಲ್ಲಿ ಆ ನಾಡನ್ನು ಹೊಗಳುವಾಗ, ಯಾರು ಅಂಕುಶ ಹಾಕಿ ತಡೆದರೂ ಮನಸ್ಸು ಬನವಾಸಿಯ ಕಡೆಗೇ ಹೋಗುತ್ತದೆಂಬ ಅರ್ಥ ಬರುವಂತೆ ಬರೆದುದು ಎಲ್ಲರಿಗೂ ತಿಳಿದಿದೆ. ಆ ಪದ್ಯವನ್ನು ಸಭೆಸಮಾರಂಭಗಳಲ್ಲಿ ನಾಡಿನ ಅಭಿಮಾನಕ್ಕಾಗಿ ಹೇಳಿ ಹೇಳಿ, ಅದರಲ್ಲಿ ಒಂದು ಆನೆ ಅಡಗಿದೆಯೆಂಬುದನ್ನೇ ಮರೆತಿದ್ದೇವೆ. ಅಂಕುಶ ಆನೆಗೆ ಹಾಕುವಂಥದು. ತನ್ನ ನೆಲದಿಂದ ಬೇರೆ ಕಡೆಗೆ ನಡೆಸಿಕೊಂಡು ಹೋಗುತ್ತಿರುವ ಆನೆಯೇ ಪಂಪನ ಮನಸ್ಸು. ಎರಡು ಶತಮಾನಗಳ ತರುವಾಯ ಅದೇ ನಾಡಿನ ಹೆಣ್ಣುಮಗಳೊಬ್ಬಳು ಅದೇ ಆನೆಯನ್ನು ಕಂಡು, ಅಂಕುಶವನ್ನು ಕೈಬಿಟ್ಟು, ನೆನಪನ್ನು ಮಾತ್ರ ಉಳಿಸಿಕೊಂಡಳು. ಆಕೆ ಪಂಪನನ್ನು ಓದಿದ್ದಳೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಒಂದೇ ಕಾಡಿನ ಅಂಚಿನಲ್ಲಿ ಇಬ್ಬರಿಗೂ ಒಂದೇ ಪ್ರಾಣಿ ಕಂಡಿತು, ಇಬ್ಬರೂ ಅದರ ನೆನಪಿನ ಶಕ್ತಿಯನ್ನು ಗುರುತಿಸಿದರು ಎಂದಷ್ಟೇ ಹೇಳಿದರೆ ಸಾಕು.

ಸಹ್ಯಾದ್ರಿಯ ಮಗ್ಗುಲಲ್ಲಿ ಬೆಳೆದವಳು ವಿಂಧ್ಯವನ್ನೇಕೆ ತಂದಳು? ಆನೆಗೆ ವಿಂಧ್ಯವೇ ಮನೆಯೆಂಬುದು ಸಂಸ್ಕೃತದ ಕವಿಸಮಯ. ಅದನ್ನು ಎತ್ತಿಕೊಂಡಳೆಂದು ಹೇಳಿ ಮುಗಿಸಬಹುದು. ಆದರೆ ಇದಕ್ಕೆ ಇನ್ನೊಂದು ಸಮರ್ಥನೆಯೂ ಉಂಟು. ಅರಸರ ಆನೆಗಳು ಹತ್ತಿರದ ಕಾಡಿನವೇ ಆಗಿರಬೇಕಾಗಿರಲಿಲ್ಲ. ಪಶ್ಚಿಮ ಕರಾವಳಿಯಾದ ಅಪರಾಂತದ ಆನೆಯನ್ನು ಕೌಟಿಲ್ಯನು ಮಧ್ಯಮ ತರಗತಿಗೆ ಸೇರಿಸಿ, ಉತ್ತಮವಾದ ಆನೆಗೆ ಕಳಿಂಗ, ಅಂಗ ಮೊದಲಾದ ದೇಶಗಳನ್ನು ಹೆಸರಿಸಿದ್ದಾನೆ. ಒಳ್ಳೆಯ ಆನೆಯನ್ನು ದೂರದಿಂದ ತರಿಸುವುದೇ ದೊಡ್ಡಸ್ತಿಕೆ. ಹಾಗೆ ಬಂದ ಆನೆಗೆ ಎದುರಿನ ಕಾಡು ಕಾಡೇ ಆದರೂ ತನ್ನ ಕಾಡಲ್ಲ. ವಚನದಲ್ಲಿ ವಿಂಧ್ಯದ ಹಿಂದೆ ‘ತನ್ನದು’ ಎಂಬ ಅರ್ಥದ ಮಾತೊಂದು ಇರುವುದನ್ನು ಗಮನಿಸಬೇಕು. ಯಾವುದೋ ಬೆಟ್ಟವನ್ನು ಆನೆ ನೆನೆಯುತ್ತಿಲ್ಲ. ತನ್ನ ಬೆಟ್ಟವನ್ನು ನೆನೆಯುತ್ತಿದೆ.

ಗಿಳಿಯ ಮಾತಿನಲ್ಲಿ ಸ್ಥಳವಿಲ್ಲ, ಬಂಧುಬಳಗವಿದೆ. ಇದು ಪುನರುಕ್ತಿಯಲ್ಲ. ಆನೆಯಿಂದ ನೆಲದ ನೆನಪು, ಗಿಳಿಯಿಂದ ಬಳಗದ ನೆನಪು. ಎರಡೂ ಸೇರಿದರೆ ‘ಮನೆ’ ಎಂಬ ಮಾತಿಗೆ ಅರ್ಥ ತುಂಬುತ್ತದೆ. ಅಕ್ಕನ ಇನ್ನೊಂದು ವಚನದಲ್ಲಿಯೂ ಗಿಳಿಗಳು ಬರುತ್ತವೆ. ಅಲ್ಲಿ ಅವು ಬಯಲಲ್ಲಿ ಹಾರಾಡುವ ಗಿಳಿಗಳು. ಕೋಗಿಲೆ, ದುಂಬಿ, ಹಂಸೆ, ನವಿಲುಗಳೊಡನೆ ಅವನ್ನೂ ನಿಲ್ಲಿಸಿ, ತನ್ನ ದೇವನನ್ನು ಕಂಡಿರಾ ಎಂದು ಕೇಳುತ್ತಾಳೆ. ಸ್ವತಂತ್ರವಾದ ಗಿಳಿ ದಾರಿ ಹೇಳಬಲ್ಲದು, ಪಂಜರದ್ದು ನೆನೆಯಬಲ್ಲದು ಮಾತ್ರ. ಒಂದೇ ಹಕ್ಕಿಗೆ ಎರಡು ಸ್ಥಿತಿಗಳಲ್ಲಿ ಎಷ್ಟು ಅಂತರ ಬಿತ್ತೆಂಬುದನ್ನು ಈ ಎರಡು ವಚನಗಳನ್ನು ಜೊತೆಯಲ್ಲಿಟ್ಟು ಓದಿದಾಗ ಕಾಣಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯ ಮಾತು. ಸೆರೆಯ ಚಿತ್ರದಿಂದ ಹೊರಟ ವಚನ ಸೆರೆಯನ್ನು ಒಡೆಯಬೇಕೆಂಬ ಪ್ರಾರ್ಥನೆಯಲ್ಲಿ ಮುಗಿಯಬೇಕೆಂದು ನಾವು ನಿರೀಕ್ಷಿಸುತ್ತೇವೆ. ಹಾಗಾಗುವುದಿಲ್ಲ. ಸರಪಳಿ ಕಳಚು, ಬಾಗಿಲು ತೆರೆ ಎಂದು ಅಕ್ಕ ಕೇಳುವುದಿಲ್ಲ. ಕರೆ ಎಂದು ಕೇಳುತ್ತಾಳೆ. ಸೆರೆಯಾದವನು ನೆನೆದರೆ ಸಾಲದು, ಮನೆಯ ಕಡೆಯಿಂದಲೂ ಒಂದು ದನಿ ಬರಬೇಕು. ಬಾಗಿಲನ್ನು ಹಿಡಿದವನೂ ತೆಗೆಯಬಲ್ಲ. ಕರೆಯಬಲ್ಲವರು ಮನೆಯವರು ಮಾತ್ರ. ನೆಲ, ಬಳಗ, ಕರೆ ಈ ಮೂರೂ ಕೂಡಿದ್ದು ಬಿಡುಗಡೆ. ಉಳಿದದ್ದೆಲ್ಲ ಬಾಗಿಲು ತೆಗೆದದ್ದು ಅಷ್ಟೆ.

ವಚನದ ಈ ಅರ್ಥ ನಾನು ಬಲವಂತವಾಗಿ ಹೊರಿಸಿದ್ದಲ್ಲವೆಂಬುದಕ್ಕೆ ನಮ್ಮ ಕಾಲದ ಒಂದು ಸಂಗತಿಯನ್ನು ಎದುರಿಗಿಟ್ಟು ನೋಡೋಣ. ಕೊಡಗಿನ ದುಬಾರೆ ಆನೆ ಶಿಬಿರದಲ್ಲಿ ಕುಶ ಎಂಬ ಸಲಗವಿತ್ತು. ಕಾಡಿನಿಂದ ಹಿಡಿದು ತಂದು ಪಳಗಿಸಿದ್ದು. ಅದು ಶಿಬಿರದಿಂದ ಜಾರಿಕೊಂಡು ಕಾಡಾನೆಗಳ ಹಿಂಡನ್ನು ಸೇರಿಕೊಂಡಿತು. ೨೦೨೧ರ ಮಾರ್ಚಿ ತಿಂಗಳಲ್ಲಿ ಅದನ್ನು ಮತ್ತೆ ಹಿಡಿದು ತಂದು ಮರದ ದಿಮ್ಮಿಗಳ ಕ್ರಾಲಿನಲ್ಲಿ ಕೂಡಿಹಾಕಿದರು. ತಾನಾಗಿ ತನ್ನವರನ್ನು ಸೇರಿದ ಪ್ರಾಣಿಯನ್ನು ಎಳೆದು ತರುವುದು ನ್ಯಾಯವೆ ಎಂದು ಪ್ರಾಣಿಪ್ರಿಯರು ದನಿಯೆತ್ತಿದರು. ಸರ್ಕಾರ ಒಪ್ಪಿಕೊಂಡು, ಅದೇ ವರ್ಷ ಜೂನ್‌ನಲ್ಲಿ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅದನ್ನು ಬಂಡೀಪುರದ ಕಾಡಿಗೆ ಬಿಟ್ಟಿತು. ಪಳಗಿದ ಆನೆಯನ್ನು ಕಾಡಿಗೆ ಮರಳಿಸುವುದು ಸಣ್ಣ ನಿರ್ಧಾರವಲ್ಲ, ಮಾಡಿದವರನ್ನು ಮೆಚ್ಚಬೇಕು. ಆದರೆ ಅಕ್ಕನ ಅಳತೆಗೋಲನ್ನು ಇಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಕುಶ ಕೂಡಿಕೊಂಡಿದ್ದ ಹಿಂಡು ಇದ್ದದ್ದು ಕೊಡಗಿನಲ್ಲಿ. ಅದಕ್ಕೆ ಸಿಕ್ಕ ಕಾಡು ಬಂಡೀಪುರ. ಕಾಡು ಸಿಕ್ಕಿತು, ತನ್ನ ಕಾಡು ಸಿಕ್ಕಲಿಲ್ಲ. ಆಡಳಿತಕ್ಕೆ ತನ್ನ ಕಾರಣಗಳು ಇದ್ದಿರಬಹುದು. ಆದರೂ ಆನೆ ಮೊದಲನೆಯ ಸಲ ತಾನೇ ಸಂಪಾದಿಸಿಕೊಂಡ ಬಿಡುಗಡೆಗೂ ನಾವು ದಯಪಾಲಿಸಿದ ಬಿಡುಗಡೆಗೂ ನಡುವೆ ಇರುವ ಅಂತರವನ್ನು ಹೆಸರಿಟ್ಟು ತೋರಿಸಬಲ್ಲದ್ದು ಈ ವಚನವೇ.

ಶಿವಮೊಗ್ಗದ ಸಮೀಪ, ತುಂಗೆಯ ಹಿನ್ನೀರಿನ ಪಕ್ಕದ ಸಕ್ರೆಬೈಲಿನಲ್ಲಿಯೂ ಆನೆ ಶಿಬಿರವಿದೆ. ನಮ್ಮ ಶಿಬಿರಗಳಲ್ಲಿ ಒಂದು ಪದ್ಧತಿಯುಂಟು. ರಾತ್ರಿ ಆನೆಯನ್ನು ಕಾಲಿನ ಸರಪಳಿಯೊಡನೆಯೇ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಿಗ್ಗೆ ಮಾವುತ ಕಾವಾಡಿಗಳು ನೆಲದ ಮೇಲೆ ಸರಪಳಿ ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ಕಾಡಿನ ಸಲಗಗಳು ಶಿಬಿರದ ಹೆಣ್ಣಾನೆಗಳ ಬಳಿಗೆ ಬರುವುದೂ ಉಂಟು. ಮೈಸೂರು ಸಂಸ್ಥಾನದಲ್ಲಿ ೧೮೭೪ರಲ್ಲಿ ಸ್ಯಾಂಡರ್ಸನ್ ಸಾಹೇಬನು ಆರಂಭಿಸಿದ ಖೆಡ್ಡಾ ೧೯೭೧ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಬಾರಿ ನಡೆದು ನಿಂತುಹೋಯಿತು. ನದಿಗೆ ಹಿಂಡನ್ನು ಅಟ್ಟಿ ನೂರಾರು ಜನ ನೋಡಿ ಚಪ್ಪಾಳೆ ತಟ್ಟುವ ಕಾಲ ಹೋಯಿತು. ಪುಂಡಾನೆಯೆಂದು ಒಂದೊಂದಾಗಿ ಹಿಡಿಯುವುದು ಮಾತ್ರ ನಿಂತಿಲ್ಲ. ಮರದ ಕ್ರಾಲಿನಲ್ಲಿ ನಿಂತ ಆನೆಯ ನೆನಪೂ ನಿಂತಿರಲಾರದು.

ನೆನಪಿದ್ದರೂ ಹಿಂದಿರುಗಲಾರದ ಜೀವಿಗಳೂ ಉಂಟು. ಕರಡಿ ಕುಣಿಸುವವರನ್ನು ನಮ್ಮಲ್ಲಿ ಮಧ್ಯವಯಸ್ಸಿನವರೆಲ್ಲ ಬೀದಿಯಲ್ಲಿ ಕಂಡವರೇ. ಮರಿಯಾಗಿದ್ದಾಗಲೇ ಮೂತಿಗೆ ಕಾಯಿಸಿದ ಸೂಜಿಯಿಂದ ತೂತು ಹಾಕಿ ಹಗ್ಗ ಪೋಣಿಸಿ, ಹಲ್ಲು ಮುರಿದು ಪಳಗಿಸಿದ ಪ್ರಾಣಿ ಅದು. ರಾಜು ಎಂಬ ಕರಡಿಯನ್ನು ೨೦೦೯ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಕರಡಿ ರಕ್ಷಣಾಕೇಂದ್ರಕ್ಕೆ ಒಪ್ಪಿಸಿದಾಗ, ಅದೇ ದೇಶದ ಕಡೆಯ ಕುಣಿಯುವ ಕರಡಿಯೆಂದು ಸಾರಿದರು. ಹಗ್ಗ ಕಳಚಿತು, ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬಿಗೆ ನೆರವೂ ದೊರೆಯಿತು. ಆದರೆ ಹಲ್ಲಿಲ್ಲದ ಕರಡಿ ಕಾಡಿನಲ್ಲಿ ಬದುಕಲಾರದು. ಅಂಥ ಕರಡಿಗಳಿಗೆ ಮರ, ನೀರು, ಹುತ್ತಗಳಿರುವ ವಿಶಾಲವಾದ ಆವರಣವೇ ಗತಿ. ಇಲ್ಲಿ ದಯೆಯಿದೆ, ಮನೆಯಿಲ್ಲ. ಇದನ್ನು ‘ಬಿಡುಗಡೆ’ ಎಂದು ಕರೆದು ಕೈತೊಳೆದುಕೊಳ್ಳುವುದಕ್ಕಿಂತ ‘ಆಶ್ರಯ’ ಎಂದು ಕರೆಯುವುದು ಮಾತಿಗೂ ಕರಡಿಗೂ ನ್ಯಾಯ.

ಗಿಳಿಯದು ನಡುವಣ ಸ್ಥಿತಿ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿ ಇಟ್ಟುಕೊಳ್ಳುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹೀಗಿದ್ದೂ ಎಷ್ಟೋ ಜಗಲಿಗಳಲ್ಲಿ ಪಂಜರ ತೂಗುತ್ತದೆ. ‘ರಾಮ ರಾಮ’ ಎನ್ನಿಸುವುದೇ ಒಂದು ಪುಣ್ಯವೆಂಬ ಭಾವನೆಯೂ ಉಂಟು. ಕನಿಕರ ಹುಟ್ಟಿದ ಗೃಹಸ್ಥನು ಒಂದು ದಿನ ಬಾಗಿಲು ತೆರೆದು ಹಾರಿಸಿಬಿಟ್ಟರೆ ಆ ಹಕ್ಕಿ ಸಂಜೆಯೊಳಗೆ ಬೆಕ್ಕಿಗೋ ಕಾಗೆಗೋ ತುತ್ತಾಗುವುದೇ ಹೆಚ್ಚು. ಕತ್ತರಿಸಿದ ರೆಕ್ಕೆಯ ಗರಿ ಮುಂದಿನ ಸಲ ಗರಿ ಉದುರಿ ಹುಟ್ಟುವವರೆಗೂ ಬೆಳೆಯುವುದಿಲ್ಲ. ಹಾರಿ ಅಭ್ಯಾಸವಿಲ್ಲದ ಮೈಗೆ ಕಸುವು ಬರಲು ದೊಡ್ಡ ಬಲೆಮನೆಯಲ್ಲಿ ಬಹಳ ದಿನ ಬೇಕು. ಮನುಷ್ಯನ ಕೈಯೂಟ ಮರೆಯಬೇಕು. ತನ್ನ ಜಾತಿಯ ಕೂಗು ಕಲಿಯಬೇಕು. ಹೀಗೆ ತಯಾರಾದ ಹಕ್ಕಿಯನ್ನೂ ಒಂಟಿಯಾಗಿ ಬಿಡುವುದಕ್ಕಿಂತ ಗುಂಪಿನೊಡನೆ, ಗಿಳಿಗಳ ಓಡಾಟವಿರುವ ಕಡೆ ಬಿಡುವುದು ಲೇಸೆಂದು ಈ ಕೆಲಸ ಬಲ್ಲವರ ಅನುಭವ. ಅಕ್ಕನು ಗಿಳಿಯ ಪಕ್ಕದಲ್ಲಿ ಬಳಗವನ್ನು ಇಟ್ಟದ್ದು ಪ್ರಾಸಕ್ಕಾಗಿ ಮಾತ್ರವೆಂದು ಹೇಳುವ ಧೈರ್ಯ ಇನ್ನು ಯಾರಿಗಿದೆ?

ಈ ವಿಚಾರಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಮುಚ್ಚಿಟ್ಟರೆ ವಿಮರ್ಶೆ ಭಾವುಕತೆಯಾದೀತು. ಮುಂಡಗೋಡು, ಬನವಾಸಿ ಕಡೆಯ ಕಾಡಿನಿಂದ ಸೊರಬದ ಅಂಚಿನ ಗದ್ದೆ ತೋಟಗಳಿಗೆ ಕಾಡಾನೆ ಬಂದ ಸುದ್ದಿ ಆಗಾಗ ಬರುತ್ತದೆ. ರಾತ್ರಿಯಿಡೀ ತಮಟೆ ಬಡಿದು ಬತ್ತ, ಜೋಳ ಕಾಯುವ ರೈತನ ಮುಂದೆ ಆನೆಯ ನೆನಪಿನ ಮಾತನ್ನು ಎತ್ತುವುದು ಸುಲಭವಲ್ಲ. ೨೦೨೩ರ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿ ೬,೩೯೫ ಕಾಡಾನೆಗಳಿವೆ. ಅವುಗಳ ಕಾಡಿಗೆ ಮಾತ್ರ ರಸ್ತೆ, ಕಾಲುವೆ, ತೋಟಗಳ ಗೆರೆ ಬಿದ್ದಿದೆ. ಪಟ್ಟಣದ ದಯಾಳು ಹಿಡಿದ ಆನೆಯನ್ನು ಬಿಡಿರೆನ್ನುತ್ತಾನೆ. ಬಿಟ್ಟ ಆನೆ ಹೊಕ್ಕುವುದು ಅವನ ಅಂಗಳಕ್ಕಲ್ಲ. ಅಕ್ಕನ ವಚನ ಇಲ್ಲಿಯೂ ದಾರಿ ತಪ್ಪಿಸುವುದಿಲ್ಲ. ಆಕೆಯ ಆನೆ ಬಯಸುವುದು ವಿಂಧ್ಯವನ್ನು, ಮತ್ತೊಬ್ಬರ ಗದ್ದೆಯನ್ನಲ್ಲ. ಆನೆಗೆ ಅದರ ಕಾಡು ಅಖಂಡವಾಗಿ ಉಳಿದಿದ್ದರೆ ಮಾತ್ರ ಬಿಡುಗಡೆಯ ಮಾತು ಪ್ರಾಮಾಣಿಕವಾಗುತ್ತದೆ. ಕಾಡನ್ನು ತುಂಡು ಮಾಡಿ ಆನೆಯನ್ನು ಬಿಡುವುದು, ಮನೆಯನ್ನು ಕೆಡವಿ ಮಗುವನ್ನು ಮನೆಗೆ ಕಳಿಸಿದಂತೆ.

ಹೊಸಗನ್ನಡದಲ್ಲಿ ಈ ಅರಿವು ಬೇರೆ ದಾರಿಯಿಂದ ಬಂದಿದೆ. ೧೯೮೦ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸಿಕೊಂಡು ಹೋದವರ ಕಣ್ಣೆದುರಿಗೇ ಅದು ಕಣಿವೆಯ ಬಯಲಿಗೆ ತೇಲಿ ಹೋಗಿಬಿಡುತ್ತದೆ. ಕೈ ಬರಿದಾದರೂ ಹೋದವರು ಸೋತವರಾಗಿ ಹಿಂದಿರುಗಿದರೆಂದು ನಮಗೆ ಅನ್ನಿಸುವುದಿಲ್ಲ. ಹಿಡಿಯದೆಯೂ ತಿಳಿಯಬಹುದೆಂಬ ಪಾಠ ಅಲ್ಲಿದೆ. ಆದರೆ ಆ ಓತಿ ಎಂದೂ ಸಿಕ್ಕಿರಲಿಲ್ಲ. ಸಿಕ್ಕ ಮೇಲೆ ಹಿಂದಿರುಗಿಸುವ ಕಷ್ಟದ ಪ್ರಶ್ನೆಯನ್ನು ಎತ್ತಿದ್ದು ವಚನವೇ.

ಸೊರಬ ತಾಲ್ಲೂಕಿನಲ್ಲಿಯೇ ಗುಡವಿ ಪಕ್ಷಿಧಾಮವಿದೆ. ಮಳೆಗಾಲ ಬಂದಿತೆಂದರೆ ಕೆರೆಯ ಮರಗಳಿಗೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳು ಗುಂಪುಗುಂಪಾಗಿ ಬಂದು ಗೂಡು ಕಟ್ಟಿ, ಮರಿ ಮಾಡಿ, ಹೋಗುತ್ತವೆ. ಮರುವರ್ಷ ಮತ್ತೆ ಬರುತ್ತವೆ. ಅವನ್ನು ಯಾರೂ ಕಟ್ಟಿಹಾಕಿಲ್ಲ, ಯಾರೂ ಬಿಡುಗಡೆ ಮಾಡಿಯೂ ಇಲ್ಲ. ಕೆರೆ ಇದೆ, ಮರವಿದೆ, ಬಳಗವಿದೆ. ಅದರಿಂದ ಕರೆಯೂ ಇದೆ. ಅಕ್ಕ ಬೇಡಿದ ಮೂರೂ ಒಂದೆಡೆ ಇದ್ದರೆ ಜೀವಿಗಳು ತಾವಾಗಿ ಹಿಂದಿರುಗುತ್ತವೆ. ಉಡುತಡಿಯ ಸೀಮೆಯವರು ಅಕ್ಕನ ಜಯಂತಿಯನ್ನು ಆಚರಿಸುತ್ತಾರೆ, ನಾಡೆಲ್ಲ ಆಕೆಯ ವಚನ ಹಾಡುತ್ತದೆ. ಹಾಡುವ ಮನೆಯ ಜಗಲಿಯಲ್ಲಿ ಪಂಜರ ತೂಗುತ್ತಿದ್ದರೆ, ಹಾಡು ಮುಗಿದಮೇಲೆ ಆ ಗಿಳಿಯ ಕಡೆಗೊಮ್ಮೆ ನೋಡಬೇಕು. ಅದು ಇನ್ನೂ ಏನನ್ನೋ ನೆನೆಯುತ್ತಿದೆ.